ಚೊಚ್ಚಲು ತವರಿನಲ್ಲೇ ಆಗಬೇಕು

ನ್ಯೂಜೆರ್ಸಿಯ ಫೋರ್ಟ್ ಲೀಯ ನಮ್ಮ ಕಟ್ಟಡದಲ್ಲಿ, ನನ್ನ ಮನೆಗಿಂತ ಒಂದು ಮಹಡಿ ಮೇಲಿನ ಫ್ಲಾಟಿಗೆ ಈ ಬೇಸಿಗೆಯಲ್ಲಿ ಹೊಸಬರು ಬಂದರು. ಎಳೆಯ ದಂಪತಿ. ಬಂದ ವಾರವೇ ಲಿಫ್ಟಿನಲ್ಲಿ ಸಿಕ್ಕರು. "ಆಂಟಿ, ನಮ್ಮ ಲಿವಿಂಗ್ ರೂಮಲ್ಲಿ ಒಂದು ಗೋಡೆಗೆ ಮಾತ್ರ ಮೊಳೆ ಹೊಡೆದ ಗುರುತೇ ಇಲ್ಲ. ಮೊದಲಿದ್ದವರು ಫೋಟೋ ಗೀಟೋ ಏನೂ ಹಾಕ್ತಿರಲಿಲ್ವಾ?" ಎಂದು ಆ ಹುಡುಗಿ ಕೇಳಿದಳು. "ಇಲ್ಲಮ್ಮ, ಅವರು ಅದರ ಮೇಲೆ ಸಿನಿಮಾ ಹಾಕ್ತಿದ್ರು" ಎಂದೆ. ಅಷ್ಟರಲ್ಲಿ ಲಾಬಿ ಬಂತು, ಅವರು ಬಸ್ಸಿಗೆ ಓಡಿದರು. ಉಳಿದದ್ದು ಹೇಳಲಾಗದೆ ಹೊಟ್ಟೆಯಲ್ಲೇ ಉಳಿಯಿತು, ಇಲ್ಲಿ ಬರೆಯುತ್ತಿದ್ದೇನೆ. ಆ ಮನೆಯಲ್ಲಿ ಮೊದಲಿದ್ದ ನನ್ನ ಗೆಳತಿಯ ಹೆಸರು ಮಾತ್ರ ಹಾಕುವುದಿಲ್ಲ. ಸಿನಿಮಾ ಶುರುವಾಗುವ ಮುಂಚೆ ವೇದಿಕೆ ಹತ್ತಿ ತಮ್ಮ ಹೆಸರು ಹೇಳಿಸಿಕೊಳ್ಳುವವರನ್ನು ಕಂಡರೆ ಅವರಿಗೆ ಮೈಯೆಲ್ಲ ಉರಿಯುತ್ತಿತ್ತು.

ಅವರು ಹುಬ್ಬಳ್ಳಿ ಕಡೆಯವರು, ನಾನು ಮೈಸೂರಿನವಳು. ಪರಿಚಯವಾದದ್ದು ನೆಲಮಾಳಿಗೆಯ ಲಾಂಡ್ರಿಯಲ್ಲಿ. ಫೋನಿನಲ್ಲಿ ನಾನು ಮಗಳಿಗೆ ಬೈಯುತ್ತಿದ್ದೆ. ಡ್ರೈಯರಿನಿಂದ ಬಟ್ಟೆ ತೆಗೆಯುತ್ತಿದ್ದ ಹೆಂಗಸೊಬ್ಬರು, ಬೆಳ್ಳಿಕೂದಲು, ಕಾಲಿಗೆ ಗಂಡಸರ ಬೂಟು, ನಾನು ಫೋನಿಡುವವರೆಗೂ ಕಾದು, "ಮೈಸೂರು ಕಡೆಯವರೇನ್ರಿ? ಬೈಯೂದೂ ಎಷ್ಟು ಮೆತ್ತಗ ಬೈತೀರಿ" ಎಂದರು. ಏನು ಕೆಲಸ ಮಾಡುತ್ತೀರಿ ಎಂದು ಕೇಳಿದೆ. ಪ್ರೋಗ್ರಾಮರ್ ಎಂದರು. ನ್ಯೂಜೆರ್ಸಿಯಲ್ಲಿ ಈ ಉತ್ತರ ಕೇಳಿದ ಯಾವ ಕನ್ನಡತಿಯಾದರೂ ಮುಂದೆ ಕೇಳುವುದನ್ನೇ ನಾನೂ ಕೇಳಿದೆ: ಯಾವ ಕಂಪನಿ, ಕಾಂಟ್ರಾಕ್ಟೋ ಪರ್ಮನೆಂಟೋ. ಅವರು ನಕ್ಕುಬಿಟ್ಟರು. "ಕಂಪ್ಯೂಟರ್ ಅಲ್ರಿ. ಸಿನಿಮಾ ಉತ್ಸವಕ್ಕ ಸಿನಿಮಾ ಆರಸೋದು ನನ್ನ ಕೆಲಸ. ಅರಬರ ಸಿನಿಮಾ."

ಅರಬರಿಗೂ ಹುಬ್ಬಳ್ಳಿಗೂ ಎತ್ತಣಿಂದೆತ್ತ ಸಂಬಂಧ ಎಂದು ನನಗೆ ಅನ್ನಿಸಿದ್ದು ನಿಜ. ಸಂಬಂಧ ಬಹಳ ಸರಳವಾಗಿತ್ತು. ಗಂಡ ಎಂಜಿನಿಯರ್, ಕೊಲ್ಲಿಯ ಒಂದು ಊರಿನಲ್ಲಿ ಕೆಲಸ, ಇವರು ಜೊತೆಗೆ ಹೋದರು. ಬೇಸರ ಕಳೆಯಲು ಅರಬ್ಬಿ ಕಲಿತರು. ಆ ಊರಿನಲ್ಲಿ ಮೊದಲ ಸಲ ಚಿತ್ರೋತ್ಸವ ನಡೆದಾಗ, ಅತಿಥಿಗಳನ್ನು ಏರ್‌ಪೋರ್ಟಿನಿಂದ ಕರೆತರಲು ನಾಲ್ಕು ಭಾಷೆ ಬಲ್ಲ, ಕಾರು ಓಡಿಸಬಲ್ಲ ಒಬ್ಬರು ಬೇಕಾಗಿದ್ದರು. ಕಾರಿನಲ್ಲಿ ಕೂತ ನಿರ್ದೇಶಕರೊಡನೆ ಜಗಳವಾಡುತ್ತಾ ಆಡುತ್ತಾ ಕೆಲವೇ ವರ್ಷಗಳಲ್ಲಿ ಉತ್ಸವದ ಸಿನಿಮಾಗಳನ್ನು ಆರಿಸುವವರೇ ಆಗಿಬಿಟ್ಟರು. "ನಮ್ಮವರು ಊರಿಗೆ ಹೋಗೂಣು ಅಂದ್ರು. ಬರೂ ವರ್ಷ ಅಂದೆ. ಮುಂದಿನ ವರ್ಷನೂ ಬರೂ ವರ್ಷ ಅಂದೆ. ಆಮ್ಯಾಲೆ ಅವರು ಕೇಳೋದು ಬಿಟ್ರು, ಒಬ್ರೇ ಊರಿಗೆ ಹೋದ್ರು" ಎಂದು ಒಮ್ಮೆ ಹೇಳಿದರು. ಆ ವಿಷಯ ಅಲ್ಲಿಗೇ ಮುಗಿಯಿತು, ಮತ್ತೆ ಎತ್ತಲಿಲ್ಲ.

ಮೊದಲ ವರ್ಷಗಳ ಉತ್ಸವವನ್ನು ಅವರು ವರ್ಣಿಸುವಾಗ ನನಗೆ ನಗು ತಡೆಯಲಾಗುತ್ತಿರಲಿಲ್ಲ. ಕೆಂಪು ಹಾಸು, ಸಮುದ್ರತೀರದ ಹೋಟೆಲು, ವಿಮಾನದಲ್ಲಿ ತರಿಸಿದ ತಾರೆಯರು, ತಾರೆಯರ ನಾಯಿಮರಿಗೂ ಒಂದು ಕಾರು. "ಹಂದರ ಹಾಕಿದೋರು ಹೊರಗಿನವರು, ಅಡಿಗಿಯವರು ಹೊರಗಿನವರು, ಬೀಗರು ಹೊರಗಿನವರು, ಮದುಮಗಳೂ ಹೊರಗಿನಾಕಿ. ಊರವರದು ಬರೇ ಅಂಗಳ. ಮನಿ ಕಟ್ಟಿ ನೋಡು ಮದಿವಿ ಮಾಡಿ ನೋಡು ಅಂತಾರಲ್ರಿ, ನಾವು ವರ್ಷಾ ವರ್ಷಾ ಮದಿವಿ ಮಾಡಿದ್ವಿ. ಮನಿ ಯಾರೂ ಕಟ್ಟಲಿಲ್ಲ."

ಆ ಮನೆಗೆ ಇವರೇ ಕೈ ಹಾಕಿದರು. ಉತ್ಸವ ಮುಗಿದು ಹಾಸು ಸುತ್ತಿಟ್ಟ ಮೇಲೆ ಅದೇ ಹಾಲಿನಲ್ಲಿ ಊರ ಹುಡುಗ ಹುಡುಗಿಯರನ್ನು ಕೂರಿಸಿಕೊಂಡು ಬೆಳಕು, ಧ್ವನಿ, ಸಂಕಲನ ಕಲಿಸುವ ಏರ್ಪಾಡು ಮಾಡಿದರು. ಬಂದವರಿಗೆಲ್ಲ ನಿರ್ದೇಶಕರೇ ಆಗಬೇಕು. ಯಾರಿಗೂ ಮೈಕು ಹಿಡಿಯುವುದು ಬೇಡ, ಮೇಕಪ್ ಬೇಡ. ಇವರೊಂದು ಕಟ್ಟಳೆ ಮಾಡಿದರು: ಇನ್ನೊಬ್ಬರ ಚಿತ್ರಕ್ಕೆ ದೀಪ ಹಿಡಿದವರಿಗೆ ಮಾತ್ರ ತಮ್ಮ ಚಿತ್ರ ಮಾಡುವ ಅವಕಾಶ. ದೊಡ್ಡ ಮನೆತನದ ಹುಡುಗನೊಬ್ಬ ಅತ್ತುಕೊಂಡು ಹೋದನಂತೆ, ಮರುವಾರ ಬಂದು ದೀಪ ಹಿಡಿದನಂತೆ. ಇದನ್ನು ಹೇಳುವಾಗ ಅವರ ಮುಖ ನೋಡಬೇಕಿತ್ತು.

ಆಮೇಲೆ ಒಂದು ವರ್ಷ, ಮೇಲಿನವರು ಯಾರೋ ಮನಸ್ಸು ಬದಲಿಸಿದರು. ಉತ್ಸವ ನಿಂತಿತು. ಇವರು ನ್ಯೂಯಾರ್ಕಿಗೆ ಬಂದರು. ಅರಬ್ ದೇಶಗಳ ಹೊಸಬರ ಮೊದಲ ಸಿನಿಮಾಗಳಿಗೆ ನೆರವಾಗುವ ಸಂಸ್ಥೆಯೊಂದಕ್ಕೆ ಸಲಹೆ ಕೊಡುವ ಕೆಲಸ. ಫೋರ್ಟ್ ಲೀಯಲ್ಲೇ ಮನೆ ಮಾಡಿದ್ದಕ್ಕೂ ಅವರದೊಂದು ಕಾರಣವಿತ್ತು. ಹಾಲಿವುಡ್ ಹುಟ್ಟುವ ಮುಂಚೆ ಅಮೆರಿಕದ ಸಿನಿಮಾ ಕಂಪನಿಗಳಿದ್ದದ್ದು ನಮ್ಮ ಈ ಊರಿನಲ್ಲಿ. ನ್ಯೂಯಾರ್ಕಿಗೆ ದಾಟುವ ಬ್ರಿಡ್ಜಿನ ಟ್ರಾಫಿಕ್ಕಿಗೆ ಶಾಪ ಹಾಕುತ್ತಾ ಅಷ್ಟು ವರ್ಷ ಕಮ್ಯೂಟ್ ಮಾಡಿದ ನನಗೆ ಅದು ಗೊತ್ತೇ ಇರಲಿಲ್ಲ. ಭಾನುವಾರ ನದಿಯ ದಂಡೆಯ ಬಂಡೆಗಳ ಮೇಲೆ ನನ್ನನ್ನು ನಡೆಸಿಕೊಂಡು ಹೋಗಿ ಹೇಳುತ್ತಿದ್ದರು: "ಇಲ್ಲಿಂದ ಹೋದದ್ದು ಬರೇ ಕಂಪನಿ ಅಲ್ರಿ. ಬಡಿಗ್ಯಾರು ಹೋದ್ರು, ಬಟ್ಟಿ ಹೊಲಿಯೂ ಸಿಂಪಿಗ್ಯಾರು ಹೋದ್ರು. ಅವರು ಎಲ್ಲಿ ಬಾಡಗಿ ಮನಿ ಹಿಡೀತಾರ, ಸಿನಿಮಾ ಅಲ್ಲೇ ಉಳೀತದ."

ಇಷ್ಟೆಲ್ಲ ತಿಳಿದವರು ತಪ್ಪೇ ಮಾಡುತ್ತಿರಲಿಲ್ಲ ಎಂದುಕೊಳ್ಳಬೇಡಿ. ನಮ್ಮ ಕನ್ನಡ ಬಳಗದವರು ಬ್ರಿಡ್ಜ್‌ವಾಟರಿನಲ್ಲಿ ಹಾಲ್ ಬಾಡಿಗೆಗೆ ಹಿಡಿದು ಒಂದು ಕನ್ನಡ ಸಿನಿಮಾ ತೋರಿಸುವುದೆಂದಾದಾಗ, ನಾನು ಸಮಿತಿಯಲ್ಲಿದ್ದೆನಲ್ಲ, ಇವರನ್ನೇ ಮುಂದೆ ಮಾಡಿದೆ. ಇವರು ಹಾಕಿದ ಷರತ್ತು ಒಂದೇ, ಇಂಟರ್‌ವಲ್ ಇಲ್ಲ. ಸಿನಿಮಾ ನಡುವೆ ದೀಪ ಹಾಕುವುದು ಊಟದ ನಡುವೆ ಎಲೆ ಎತ್ತಿದಂತೆ ಎಂದರು. ಸರಿ ಎಂದೆವು. ಆದರೆ ದಾವಣಗೆರೆಯ ದಂಪತಿ ಹಿಂದಿನ ಕೋಣೆಯಲ್ಲಿ ಇಂಟರ್‌ವಲ್ಲಿಗೆಂದೇ ಮೆಣಸಿನಕಾಯಿ ಬಜ್ಜಿ ಕರಿಯಲು ಶುರು ಮಾಡಿದ್ದರು, ಅವರಿಗೆ ಹೇಳುವುದನ್ನು ಯಾರೂ ನೆನಪಿಡಲಿಲ್ಲ. ಸಿನಿಮಾ ಅರ್ಧಕ್ಕೆ ಬರುವ ಹೊತ್ತಿಗೆ ವಾಸನೆ ಹಾಲಿಗೆ ನುಗ್ಗಿತು. ಮೊದಲು ಗಂಡಸರು ಎದ್ದರು, ಆಮೇಲೆ ಮಕ್ಕಳು, ಆಮೇಲೆ ಮಕ್ಕಳನ್ನು ಹುಡುಕುವ ನೆಪದಲ್ಲಿ ಹೆಂಗಸರು. ನಾಯಕಿ ಅಳುತ್ತಿದ್ದಳು, ಹಾಲ್ ಖಾಲಿ. ಇವರು ತಮ್ಮ ಪದ್ಧತಿಯಂತೆ ಪರದೆಯ ಪಕ್ಕದ ಕುರ್ಚಿಯಲ್ಲಿ, ಪರದೆಗೆ ಬೆನ್ನು ಕೊಟ್ಟು, ಜನರ ಮುಖ ನೋಡುತ್ತಾ ಕೂತಿದ್ದರು. ನನ್ನ ಮಗಳು, "ಅಮ್ಮಾ, ಶೀ ಈಸ್ ನಾಟ್ ವಾಚಿಂಗ್ ದ ಮೂವಿ. ಶೀ ಈಸ್ ವಾಚಿಂಗ್ ಅಸ್" ಎಂದು ಪಿಸುಗುಟ್ಟಿ ಅವಳೂ ಬಜ್ಜಿಗೆ ಹೋದಳು.

ಮರಳುವಾಗ ಕಾರಿನಲ್ಲಿ ನಾನು ಸಿಟ್ಟಿನಲ್ಲಿ ದಾವಣಗೆರೆಯವರನ್ನು ಬೈದೆ. ಅವರು ತಡೆದರು. "ತಪ್ಪು ನಂದು. ಆ ಸಿನಿಮಾ ಮಾಡಿದೋನೇ ನಡುವೆ ಚಾ ಕುಡೀಲಿ ಅಂತ ಜಾಗಾ ಬಿಟ್ಟಿದ್ದ. ನಾ ನನ್ನ ನಿಯಮ ನೋಡಿದೆ, ಮಂದೀನ್ನ ನೋಡಲಿಲ್ಲ." ಮುಂದಿನ ವರ್ಷ ಇಂಟರ್‌ವಲ್ ಇತ್ತು, ಬಜ್ಜಿಯ ಮೊದಲ ತಟ್ಟೆ ಅವರ ಕೈಯಲ್ಲೇ ಇತ್ತು.

ಆದರೆ ಅವರ ಒಂದು ನಿಯಮ ಮಾತ್ರ ಅಲ್ಲಾಡುತ್ತಿರಲಿಲ್ಲ. ದೊಡ್ಡ ಉತ್ಸವಗಳದೊಂದು ಪದ್ಧತಿಯಿದೆ. ಯಾವ ಸಿನಿಮಾವಾದರೂ ಜಗತ್ತಿನಲ್ಲೇ ಮೊಟ್ಟಮೊದಲು ತಮ್ಮ ಪರದೆಯ ಮೇಲೆ ಬರಬೇಕು, ಬೇರೆಲ್ಲಾದರೂ ಒಮ್ಮೆ ತೋರಿಸಿದ್ದರೆ ಅವರಿಗೆ ಬೇಡ. ಹಾಗಾಗಿ ಸಣ್ಣ ಊರಿನ ಮಕ್ಕಳು ತಮ್ಮ ಊರಿನ ಕತೆಯನ್ನು ಮೊದಲು ದೂರದ ದೊಡ್ಡ ಊರಿಗೆ ಕೊಡುತ್ತಾರೆ. ಊರವರು ನೋಡುವುದು ಕೊನೆಗೆ, ಎಷ್ಟೋ ಸಲ ನೋಡುವುದೇ ಇಲ್ಲ. ಇದನ್ನು ಇವರು ಸಹಿಸುತ್ತಿರಲಿಲ್ಲ. "ಚೊಚ್ಚಲ ಹೆರಿಗಿ ತವರಮನ್ಯಾಗ ಆಗಬೇಕು. ಅತ್ತಿ ಮನಿ ಎಷ್ಟಽ ದೊಡ್ಡದಿರಲಿ" ಎನ್ನುತ್ತಿದ್ದರು. ಇದೇ ಮಾತನ್ನು ಅರಬ್ಬಿಯಲ್ಲೂ ಹೇಳಿ ಹೇಳಿ, ಅವರ ಶಿಷ್ಯರ ಬಾಯಲ್ಲಿ ಅದೊಂದು ಗಾದೆಯೇ ಆಗಿತ್ತಂತೆ.

ಆ ಶಿಷ್ಯರಲ್ಲಿ ಒಬ್ಬಳು ಹನಾನ್. ಹಿಂದೆ ಉತ್ಸವ ನಡೆಯುತ್ತಿದ್ದ ಊರಿನಿಂದ ಕೆಲವು ತಾಸಿನ ದಾರಿಯ, ಮೀನುಗಾರರ ಸಣ್ಣ ಊರಿನವಳು. ತನ್ನ ಮೊದಲ ಸಿನಿಮಾದ ಧ್ವನಿ ಕೆಲಸಕ್ಕೆಂದು ನ್ಯೂಯಾರ್ಕಿಗೆ ಬಂದವಳು ಇವರ ಮನೆಯಲ್ಲೇ ಇಳಿದಿದ್ದಳು. ತೀರಿಹೋದ ತಂದೆಯ ದೋಣಿಯನ್ನು ಮಾರಲು ಹೊರಟ ಇಬ್ಬರು ಅಕ್ಕತಂಗಿಯರ ಕತೆ. ಆ ಮೊಳೆಯಿಲ್ಲದ ಗೋಡೆಯ ಮೇಲೆ ನಾನೂ ನೋಡಿದೆ. ನನಗೆ ಸಿನಿಮಾ ತಿಳಿಯುವುದು ಅಷ್ಟಕ್ಕಷ್ಟೆ, ಆದರೂ ಕೊನೆಗೆ ಎದ್ದು ದೀಪ ಹಾಕಲು ನನಗೆ ಮನಸ್ಸೇ ಬರಲಿಲ್ಲ. ಹನಾನ್ ನನ್ನನ್ನು ಆಂಟಿ ಎನ್ನುತ್ತಿದ್ದಳು, ನನ್ನ ಹುಳಿಯನ್ನು ಸೂಪಿನಂತೆ ಚಮಚದಲ್ಲಿ ಕುಡಿಯುತ್ತಿದ್ದಳು.

ಆ ವಸಂತದಲ್ಲಿ ಎರಡು ಸುದ್ದಿ ಒಟ್ಟೊಟ್ಟಿಗೆ ಬಂದವು. ನ್ಯೂಯಾರ್ಕಿನ ಒಂದು ದೊಡ್ಡ ಉತ್ಸವ ಹನಾನಳ ಸಿನಿಮಾವನ್ನು ಆರಿಸಿತು, ಮೊದಲ ಪ್ರದರ್ಶನ ನಮ್ಮಲ್ಲೇ ಆಗಬೇಕು ಎಂಬ ಷರತ್ತಿನೊಡನೆ. ಅತ್ತ ನಿಂತುಹೋಗಿದ್ದ ಉತ್ಸವ ಮತ್ತೆ ಶುರುವಾಗುವುದೆಂದೂ, ಹನಾನಳ ಸಿನಿಮಾದಿಂದಲೇ ಅದು ತೆರೆಯಬೇಕೆಂದೂ, ಇವರು ಮರಳಿ ಬಂದು ನಡೆಸಿಕೊಡಬೇಕೆಂದೂ ಕರೆ ಬಂತು. ಆ ಶನಿವಾರ ಅವರ ಮನೆಯಲ್ಲಿ ನಾನು ಊಟಕ್ಕೆ ಕೂತಿದ್ದೆ. ಹನಾನ್ ಇಂಗ್ಲಿಷಿನಲ್ಲಿ ಶಾಂತವಾಗಿ ಹೇಳಿದಳು: "ನ್ಯೂಯಾರ್ಕಿನಲ್ಲಿ ತೋರಿಸಿದರೆ ನನ್ನ ಎರಡನೆಯ ಸಿನಿಮಾಕ್ಕೆ ದಾರಿಯಾಗುತ್ತದೆ. ಊರಿನವರು ಆಮೇಲೆ ನೋಡಲಿ. ದೋಣಿ ಎಲ್ಲಿಗೂ ಓಡಿಹೋಗುವುದಿಲ್ಲ."

ಇವರು ಊಟ ಬಿಟ್ಟರು. ಊರವರ ದೋಣಿ, ಊರವರ ಮುಖ, ಊರವರ ಮಾತು ಎಲ್ಲ ತಗೊಂಡು ಮೊದಲ ತುತ್ತು ಬೇರೆಯವರಿಗೆ ಕೊಡುವುದಾದರೆ ಇಷ್ಟು ವರ್ಷ ನಾನು ಕಲಿಸಿದ್ದಾದರೂ ಏನು ಎಂದು ಕೇಳಿದರು. ನಾಲ್ಕನೆಯ ದಿನ ಹನಾನ್ ಒಪ್ಪಿದಳು. ಒಪ್ಪಿದ್ದು ಮನಸ್ಸಿನಿಂದಲ್ಲ, ಗುರುವಿನ ಮಾತು ಮೀರಲಾರದೆ. ನ್ಯೂಯಾರ್ಕಿಗೆ ಬೇಡವೆಂದು ಬರೆದಳು.

ನನಗೆ ಸುಮ್ಮನಿರಲಾಗಲಿಲ್ಲ. "ಇದು ಅವಳಿಗೋಸ್ಕರವಾ, ನಿಮ್ಮ ಉತ್ಸವಕ್ಕೋಸ್ಕರವಾ?" ಎಂದು ಲಿಫ್ಟಿನ ಮುಂದೆ ನಿಂತೇ ಕೇಳಿದೆ.

"ಎರಡೂ ಒಂದಽ" ಎಂದರು, ನನ್ನ ಮುಖ ನೋಡದೆ.

ಕೊಲ್ಲಿಯ ಉತ್ಸವಕ್ಕೆ ಇನ್ನೇನು ಕೆಲವೇ ವಾರಗಳಿವೆ ಎನ್ನುವಾಗ ಅಲ್ಲಿಂದ ಮೇಲ್ ಬಂತು. ಈ ಸಲ ಇಲ್ಲ, ಕಾರಣಾಂತರಗಳಿಂದ ಮುಂದೂಡಲಾಗಿದೆ, ತಮ್ಮ ಸಹಕಾರಕ್ಕೆ ಧನ್ಯವಾದ. ಮೇಲಿನವರು ಮತ್ತೆ ಮನಸ್ಸು ಬದಲಿಸಿದ್ದರು. ಇವರು ಆ ಕ್ಷಣವೇ ನ್ಯೂಯಾರ್ಕಿನವರಿಗೆ ಫೋನ್ ಮಾಡಿದರು. ಯಾರ ಮುಂದೆಯೂ ಬಾಗದ ಹೆಂಗಸು ಅವತ್ತು ಫೋನಿನಲ್ಲಿ ಎಷ್ಟು ಬೇಡಿಕೊಂಡರೆಂದರೆ, ಕೇಳಲಾರದೆ ನಾನು ಅಡಿಗೆಮನೆಗೆ ಹೋದೆ. ಆ ಜಾಗ ಬೇರೊಂದು ಸಿನಿಮಾಕ್ಕೆ ಹೋಗಿಯಾಗಿತ್ತು. ಉಳಿದ ದೊಡ್ಡ ಉತ್ಸವಗಳ ಗಡುವೂ ಮುಗಿದಿತ್ತು, ಮರುವರ್ಷಕ್ಕೆ ಸಿನಿಮಾ ಹಳತು. ಅಂದರೆ ಆ ಹುಡುಗಿಗೆ ಅತ್ತೆ ಮನೆಯೂ ಇಲ್ಲ, ತವರೂ ಇಲ್ಲ. ಹನಾನ್ ಕೂಗಾಡಲಿಲ್ಲ. ಸೂಟ್‌ಕೇಸ್ ತುಂಬಿಕೊಂಡಳು, ನನಗೆ ಮಾತ್ರ ಬೈ ಹೇಳಿ ಹೋದಳು.

ಕೆಲವು ವಾರಗಳಾದ ಮೇಲೆ ಅವಳಿಂದ ಇವರಿಗೆ ಒಂದು ಸಾಲಿನ ಸಂದೇಶ ಬಂತು: ಮೊದಲು ಊರಿನಲ್ಲಿ ತೋರಿಸಬೇಕು ಎಂದಿರಲ್ಲ, ಬಂದು ತೋರಿಸಿ. ಅದು ಕರೆಯಲ್ಲ, ಚುಚ್ಚುಮಾತು. ಇವರು ಅದನ್ನು ಕರೆಯೆಂದೇ ತಿಳಿದು ಟಿಕೆಟ್ ಮಾಡಿಸಿದರು. ಮನೆಯ ಪ್ರೊಜೆಕ್ಟರನ್ನು ಸೀರೆಗಳಲ್ಲಿ ಸುತ್ತಿ ಸೂಟ್‌ಕೇಸಿಗಿಟ್ಟದ್ದು ನಾನೇ.

ಆ ಮೀನುಗಾರರ ಊರಿನಲ್ಲಿ ಸಿನಿಮಾ ಹಾಲೇ ಇರಲಿಲ್ಲ. ಮದುವೆ ಹಾಲಿನಲ್ಲಿ ಬಿಳಿ ಬಟ್ಟೆ ಹೊಲಿಸಿ ಕಟ್ಟಿ ತೋರಿಸಿದರು. ಅಲ್ಲಿಂದ ಫೋನ್ ಮಾಡಿದಾಗ ಅವರ ದನಿ ಎಳೆಯ ಹುಡುಗಿಯ ಹಾಗಿತ್ತು. "ದೋಣಿ ಬಂದ ಕೂಡ್ಲೇ ಹಿಂದಿನ ಸಾಲಿನ ಮುದುಕ ಎದ್ದು ನಿಂತು, ಇದು ನಂದು, ಬಣ್ಣಾ ಯಾಕ ಬದಲ ಮಾಡೀರಿ ಅಂತ ಒದರಿದ. ಅರ್ಧಾ ತಾಸು ಸಿನಿಮಾ ನಿಲ್ಲಿಸಿ ಅವನ್ನ ಸಮಾಧಾನ ಮಾಡಬೇಕಾತು." ಹನಾನ್ ಬಂದಿದ್ದಳಾ ಎಂದು ಕೇಳಿದೆ. "ಬಂದಿದ್ಲು. ಬಾಗಲಾಗ ನಿಂತಿದ್ಲು. ಏರ್‌ಪೋರ್ಟಿಗೆ ಅಕೀನೇ ಬಿಟ್ಲು. ಇಳಿಯೂ ಮುಂದ, ನಿಮ್ಮ ಹಟ ನೀವು ಗೆದ್ರಿ ಅಂದ್ಲು."

ಮರಳಿದ ಮೇಲೆ ಅವರು ಮೊದಲಿನಂತಿರಲಿಲ್ಲ. ಕೆಲಸ ಮಾಡುತ್ತಿದ್ದರು, ನಗುತ್ತಿದ್ದರು, ಕನ್ನಡ ಬಳಗದ ಸಭೆಗಳಲ್ಲಿ ಜಗಳವನ್ನೂ ಆಡುತ್ತಿದ್ದರು. ಆದರೆ ಯಾವ ಹುಡುಗ ಹುಡುಗಿ ಸಲಹೆ ಕೇಳಿದರೂ, ಎಲ್ಲಿ ಮೊದಲು ತೋರಿಸಬೇಕು ಎಂಬ ಪ್ರಶ್ನೆಗೆ ಮಾತ್ರ ಉತ್ತರ ಹೇಳುತ್ತಿರಲಿಲ್ಲ. ಚೊಚ್ಚಲಿನ ಮಾತು ಅವರ ಬಾಯಿಂದ ಮತ್ತೆ ನಾನು ಕೇಳಲಿಲ್ಲ. ಒಂದು ಸಂಜೆ ಏನೂ ಪೀಠಿಕೆಯಿಲ್ಲದೆ, "ಎರಡೂ ಒಂದಲ್ಲ. ನೀವು ಕೇಳಿದ್ರಲ್ಲ ಅವತ್ತು. ಆಕಿ ಸಿನಿಮಾ ಆಕೀದು. ಉತ್ಸವದ ಆಸೆ ನಂದು" ಎಂದರು. ನಾನು ಎದ್ದು ಚಹಾ ಮಾಡಿದೆ.

ಎರಡು ಚಳಿಗಾಲಗಳ ಮೇಲೆ ಹೃದಯದ ತೊಂದರೆಯಿಂದ ಅವರು ಆಸ್ಪತ್ರೆ ಸೇರಿದರು. ದಿನಾ ಆಫೀಸು ಮುಗಿಸಿ ಹೋಗುತ್ತಿದ್ದೆ. ಅಷ್ಟು ಮಂದಿ ಅರಬ್ ಹುಡುಗರು ಫೋನ್ ಮಾಡುತ್ತಿದ್ದರು, ಹನಾನ್ ಮಾಡುತ್ತಿರಲಿಲ್ಲ. ಅವಳಿಗೆ ವಿಷಯ ಗೊತ್ತೋ ಇಲ್ಲವೋ ನನಗೆ ತಿಳಿಯದು. ನೀವೇ ಒಂದು ಫೋನ್ ಮಾಡಿ, ತಪ್ಪಾಯಿತು ಅಂದುಬಿಡಿ ಎಂದು ಒತ್ತಾಯಿಸಿದೆ.

"ಬ್ಯಾಡ್ರಿ" ಎಂದರು. "ಆಕಿ ಸಿಟ್ಟು ಆಕಿ ಹತ್ರ ಇರ್ಲಿ. ಸಿಟ್ಟಿದ್ದೋರು ಇನ್ನೊಂದು ಸಿನಿಮಾ ಮಾಡ್ತಾರ. ನಾ ತಪ್ಪಾತು ಅಂದ್ರ ಆಕಿ ಅತ್ತು ಹಗುರಾಗಿಬಿಡ್ತಾಳ."

ಇದು ಗುರುವಿನ ಜಾಣತನವೋ, ಕ್ಷಮೆ ಕೇಳಲಾರದವರ ನೆಪವೋ ಎಂದು ಅವತ್ತೂ ನನಗೆ ಗೊತ್ತಾಗಲಿಲ್ಲ. ಜಗಳವಾಡುವ ಸ್ಥಿತಿಯಲ್ಲಿ ಅವರಿರಲಿಲ್ಲ. ಆ ವಾರವೇ ಹೋದರು. ಹಿಮ ಬಿದ್ದಿತ್ತು. ಟೆಕ್ಸಸ್ಸಿನಿಂದ ಅವರ ತಮ್ಮನ ಮಗ ಬಂದಿದ್ದ, ಸಂಸ್ಕಾರ ಮಾಡಿ ಎರಡೇ ದಿನದಲ್ಲಿ ಫ್ಲಾಟು ಖಾಲಿ ಮಾಡಿದ. ನಾನು ಬಹಳ ಅತ್ತೆ. ಐವತ್ತು ದಾಟಿದ ಮೇಲೆ ಸಿಕ್ಕ ಗೆಳತಿ ಅವರು, ಅಂಥವರು ಇನ್ನೊಬ್ಬರು ಸಿಗುವುದಿಲ್ಲ.

ಈ ಶರತ್ಕಾಲದಲ್ಲಿ ಹನಾನಳ ಎರಡನೆಯ ಸಿನಿಮಾ ಮ್ಯಾನ್‌ಹಟನ್ನಿಗೆ ಬಂತು. ಅಂದು ಬೇಡವೆಂದು ಬರೆದಿದ್ದಳಲ್ಲ, ಅದೇ ಉತ್ಸವ. ಜಗತ್ತಿನಲ್ಲೇ ಮೊದಲ ಪ್ರದರ್ಶನ ಎಂದು ಪೋಸ್ಟರಿನಲ್ಲಿ ದಪ್ಪಕ್ಷರದಲ್ಲಿ ಹಾಕಿದ್ದರು. ನಾನು ಬಸ್ಸು ಹಿಡಿದು ಹೋದೆ. ಹಾಲ್ ತುಂಬಿತ್ತು. ಸಿನಿಮಾ ಚೆನ್ನಾಗಿತ್ತು, ಮೊದಲನೆಯದಕ್ಕಿಂತಲೂ ಗಟ್ಟಿ, ಅಲ್ಲಲ್ಲಿ ಒರಟು. ಮುಗಿದ ಮೇಲೆ ಹನಾನ್ ವೇದಿಕೆಗೆ ಬಂದಳು. ನಿಮ್ಮ ಮೊದಲ ಸಿನಿಮಾ ನಮ್ಮಲ್ಲಿಗೆ ಯಾಕೆ ಬರಲಿಲ್ಲ ಎಂದು ಯಾರೋ ಕೇಳಿದರು.

"ನಾನು ಬಹಳ ನಂಬಿದ ಒಬ್ಬರು ತಪ್ಪು ಸಲಹೆ ಕೊಟ್ಟರು" ಎಂದಳು. ಸಭೆಯಲ್ಲಿ ಸಣ್ಣ ನಗು. "ಅದರಿಂದ ನನಗೆ ಬಹಳ ನಷ್ಟವಾಯಿತು. ಅದನ್ನು ನಾನು ಸುಳ್ಳೆನ್ನುವುದಿಲ್ಲ. ಆದರೆ ಆ ತಪ್ಪಿನಿಂದಾಗಿ ಸಿನಿಮಾ ನಮ್ಮೂರ ಮದುವೆ ಹಾಲಿನಲ್ಲಿ ನಡೆಯಿತು, ನನ್ನ ಅಮ್ಮ ಬಂದು ಕೂತು ನೋಡಿದಳು. ಮುಂದಿನ ರಂಜಾನಿಗೆ ಅಮ್ಮ ಇರಲಿಲ್ಲ. ಇಲ್ಲಿ ಮೊದಲು ತೋರಿಸಿದ್ದರೆ ಅವಳು ನೋಡುತ್ತಲೇ ಇರಲಿಲ್ಲ." ಇಷ್ಟು ಹೇಳಿ, ಮುಂದಿನ ಪ್ರಶ್ನೆ ಎಂದಳು.

ಹೊರಗೆ ಜನರ ನಡುವೆ ನನ್ನನ್ನು ಕಂಡು ಓಡಿಬಂದು ತಬ್ಬಿಕೊಂಡಳು. "ಆಂಟಿ, ಕೊನೆಯಲ್ಲಿ ಅವರು ನನ್ನ ಬಗ್ಗೆ ಏನಾದರೂ ಹೇಳಿದರಾ?" ಎಂದು ಕೇಳಿದಳು. ಬಣ್ಣ ಹಚ್ಚಿ ಹೇಳಲು ನನಗೆ ಬರುವುದಿಲ್ಲ. ಆಸ್ಪತ್ರೆಯಲ್ಲಿ ಆಡಿದ ಮಾತನ್ನು ಇದ್ದ ಹಾಗೇ ಇಂಗ್ಲಿಷಿನಲ್ಲಿ ಹೇಳಿದೆ: ಫೋನ್ ಮಾಡಿ ಎಂದು ನಾನು ಒತ್ತಾಯಿಸಿದ್ದು, ಬೇಡ ಎಂದದ್ದು, ಸಿಟ್ಟಿದ್ದವರು ಇನ್ನೊಂದು ಸಿನಿಮಾ ಮಾಡುತ್ತಾರೆ ಎಂದದ್ದು.

ಹನಾನ್ ಕೇಳಿಕೊಂಡಳು. ಕೊರಳಿನ ಬ್ಯಾಡ್ಜನ್ನು ತೆಗೆದು ಕೈಯಲ್ಲಿ ಮಡಚಿದಳು.

"ಅದೂ ತಪ್ಪೇ, ಆಂಟಿ" ಎಂದಳು. "ನಾನು ಫೋನಿಗೆ ಕಾಯುತ್ತಿದ್ದೆ."